ಪಾಲು ಹಂಚಿಕೊಂಡ ಸೂಜಿಮದ್ದು

ಕೂಸು ಹುಟ್ಟಿತು! ಹೆಣ್ಣು ಕೂಸು. ನಿನ್ನೆ ಬೆಳಿಗ್ಗೆ, ಮಂಡಿಯ ಅಂಗಡಿಗಳು ಬಾಗಿಲು ತೆರೆಯುವ ಹೊತ್ತಿಗೆ ನನ್ನ ಮೊಮ್ಮಗಳು ಹೆತ್ತಳು. ಹುಟ್ಟಿದ ಕೂಡಲೇ ಅತ್ತಿತು. ಎದೆಗೆ ಹಿಡಿದರೆ ಹಾಲು ಚೀಪಿತು, ನುಂಗಿತು. ನಾನು ಬಗ್ಗಿ ಅದರ ಗಂಟಲನ್ನೇ ನೋಡುತ್ತಿದ್ದೆ. ಗುಟುಕು ಗುಟುಕಾಗಿ ಇಳಿಯಿತು. ಈ ಸಂತೋಷವನ್ನು ಎಲ್ಲಿ ಇಟ್ಟುಕೊಳ್ಳಲಿ ಅಂತ ತಿಳಿಯದೆ ಆಸ್ಪತ್ರೆಯ ಗೇಟಿನ ಹತ್ತಿರ ಎಳನೀರು ಮಾರುವವನಿಗೂ ಹೋಗಿ ಹೇಳಿಬಿಟ್ಟೆ.

“ಅದಕ್ಯಾಕಜ್ಜಿ ಅಳ್ತೀರಿ? ಹೆಣ್ಣಾಯ್ತು ಅಂತಲಾ?” ಅಂದ ಅವನು.

“ಅಲ್ಲ ಕಣಪ್ಪ, ನುಂಗ್ತು ಅಂತ” ಅಂದೆ.

ಅವನಿಗೆ ಏನು ಅರ್ಥವಾಗಬೇಕು ಪಾಪ. ಎಳನೀರು ಕೆತ್ತುತ್ತಾ ನಕ್ಕ. ನುಂಗಿದ್ದು ನಮ್ಮ ಮನೆಯಲ್ಲಿ ಯಾಕೆ ಇಷ್ಟು ದೊಡ್ಡ ಸುದ್ದಿ ಎನ್ನುವುದನ್ನು ಹೇಳಬೇಕಾದರೆ ಮೊಮ್ಮಕ್ಕಳು ಲಂಗ ಕುಪ್ಪಸ ತೊಡುತ್ತಿದ್ದ ಕಾಲಕ್ಕೆ ಹೋಗಬೇಕು.

ಆಗ ನಾವಿದ್ದದ್ದು ಮಂಡಿ ಮೊಹಲ್ಲಾದ ಒಂದು ವಠಾರದಲ್ಲಿ. ಸಾಲಾಗಿ ಮನೆಗಳು, ಎಲ್ಲಕ್ಕೂ ಸೇರಿ ಒಂದು ನಲ್ಲಿ. ನಮ್ಮ ಮನೆಯಲ್ಲಿ ನಾನು, ನನ್ನ ಮಗಳು, ಅವಳ ಅವಳಿ ಹೆಣ್ಣುಮಕ್ಕಳು, ಇಬ್ಬರದೂ ಅಚ್ಚೊತ್ತಿದಂತೆ ಒಂದೇ ಮುಖ. ಮೊದಲು ಹುಟ್ಟಿದವಳನ್ನು ದೊಡ್ಡವಳು ಅಂತಲೂ ಹಿಂದೆಯೇ ಬಂದವಳನ್ನು ಚಿಕ್ಕವಳು ಅಂತಲೂ ಕರೆಯುತ್ತಿದ್ದೆವು. ಅಳಿಯ ಒಂದೇ ಬಸುರಿಗೆ ಎರಡು ಹೆಣ್ಣು ಬಂದದ್ದನ್ನು ನೋಡಿ ಮುಖ ತಿರುಗಿಸಿದವನು, ತೊಟ್ಟಿಲಿಗೆ ಹಾಕುವ ದಿನಕ್ಕೂ ನಿಲ್ಲಲಿಲ್ಲ, ಮತ್ತೆ ಬರಲೂ ಇಲ್ಲ. ಮಗಳು ಮೇಟಗಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಬೆಳಕು ಹರಿಯುವ ಮುಂಚೆ ಬಸ್ಸು ಹಿಡಿದರೆ ದೀಪ ಹಚ್ಚಿದ ಮೇಲೆಯೇ ಬರುವುದು.

ನನ್ನದು ಮೆಣಸಿನಕಾಯಿ ಮಂಡಿಯಲ್ಲಿ ತೊಟ್ಟು ಮುರಿಯುವ ಕೆಲಸ. ದಿನವಿಡೀ ಒಣಮೆಣಸಿನಕಾಯಿಯ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮುರಿಯುತ್ತಿದ್ದರೆ ಕೈಯೊಳಗೆ ಕೆಂಡ ಇಟ್ಟಂತೆ. ಸಂಜೆ ಮಜ್ಜಿಗೆ ಸುರಿದುಕೊಂಡು ತೊಳೆದರೂ ಆ ಉರಿ ಹೋಗುವಂಥದ್ದಲ್ಲ. ಒಂದು ಸಲ ಬಿದ್ದು ಅಳುತ್ತಿದ್ದ ಚಿಕ್ಕವಳ ಕಣ್ಣು ಒರೆಸಿದೆ, ಆ ಮಗು ಸಂಜೆಯೆಲ್ಲ ಕಣ್ಣು ಬಿಡದೆ ಕಿರುಚಾಡಿತು. ಅಂದಿನಿಂದ ಮಂಡಿಗೆ ರಜೆ ಇರುವ ದಿನವಷ್ಟೇ ನಾನು ಮಕ್ಕಳನ್ನು ಮುಟ್ಟುತ್ತಿದ್ದದ್ದು. ಮಿಕ್ಕ ದಿನ ಅವರ ತಲೆ ಅವರೇ ಬಾಚಿಕೊಳ್ಳಬೇಕು, ಅವರ ಮೈ ಅವರೇ ತೊಳೆದುಕೊಳ್ಳಬೇಕು. ಹೇಳುವವರಿಲ್ಲ, ಕೇಳುವವರಿಲ್ಲ. ಇಬ್ಬರೂ ಬೀದಿಯಲ್ಲೇ ಬೆಳೆದರು.

ತುಂಟತನ ಅಂದರೆ ಅಂಥಿಂಥದ್ದಲ್ಲ. ತಳ್ಳುಗಾಡಿಯಲ್ಲಿ ಖಾಲಿ ಗೋಣಿಚೀಲಗಳ ಒಳಗೆ ಅವಿತು ಕೂತು ದೇವರಾಜ ಮೊಹಲ್ಲಾದವರೆಗೂ ಹೋಗಿಬಿಡುವರು. ಕೆಲವು ದಿನ ಒಬ್ಬಳು ಸ್ಕೂಲಿಗೆ ಹೋದರೆ ಇನ್ನೊಬ್ಬಳು ಮಾರ್ಕೆಟ್ಟು ಸುತ್ತುವಳು, ಮಧ್ಯಾಹ್ನ ಅದಲುಬದಲು. ಏನು ಸಿಕ್ಕರೂ ಇಬ್ಬರಿಗೂ ಸಮಪಾಲು. ಬಾಳೆಹಣ್ಣು ಸಿಪ್ಪೆಸಮೇತ ಅಳೆದು ಮುರಿಯುವರು. ಮೇಷ್ಟರು ಒಬ್ಬಳಿಗೆ ಬೆತ್ತದಲ್ಲಿ ಬಾರಿಸುತ್ತಿದ್ದರೆ ನಡುವೆ ಕೈ ಹಿಂದಕ್ಕೆಳೆದುಕೊಂಡು, “ಮಿಕ್ಕಿದ್ದು ಅವ್ಳಿಗೆ ಕೊಡಿ ಸಾ” ಅನ್ನುವಳಂತೆ. ಇನ್ನೊಬ್ಬಳು ಎದ್ದು ಬಂದು ಕೈ ಚಾಚುವಳಂತೆ. ಮೇಷ್ಟರೇ ಬೀದಿಯಲ್ಲಿ ಸಿಕ್ಕಾಗ ಹೇಳಿ ನಕ್ಕಿದ್ದರು. ನಾನೂ ನಕ್ಕಿದ್ದೆ.

ಮಂಡಿಯ ಹಿಂದಿನ ಓಣಿಯಲ್ಲಿ ಒಂದು ಕಂದು ನಾಯಿ ಇತ್ತು. ಮರಿಯಾಗಿದ್ದಾಗಿನಿಂದ ಇವರ ಜೊತೆಯಲ್ಲೇ ಬೆಳೆದದ್ದು. ಆ ಬೇಸಿಗೆ ರಜೆಯಲ್ಲಿ ಇವರಿಗೆ ಅದಕ್ಕೆ ಮದುವೆ ಮಾಡುವ ಹುಚ್ಚು ಹತ್ತಿತು. ನಾನು ಗುಡಿಸಿ ಬಿಟ್ಟ ಮೆಣಸಿನಕಾಯಿಗಳನ್ನು ದಾರಕ್ಕೆ ಪೋಣಿಸಿ ಹಾರ ಮಾಡಿದರು. ನಾಯಿ ಆ ನಾಲ್ಕಾರು ದಿನ ಗಾಡಿಯ ಕೆಳಗಿಂದ ಏಳದೆ ಜೊಲ್ಲು ಸುರಿಸುತ್ತಾ ಬಿದ್ದಿದೆ ಅಂತ ಯಾರಿಗೆ ಗೊತ್ತು? “ಮದುಮಗ ನಾಚ್ಕೊಂಡವ್ನೆ” ಅಂತ ಚಿಕ್ಕವಳು ಗಾಡಿಯ ಕೆಳಗೆ ನುಗ್ಗಿ ಹಾರ ಹಾಕಲು ಹೋದಳು. ಅದು ಅವಳ ಮೀನಖಂಡಕ್ಕೆ ಬಾಯಿ ಹಾಕಿತು, ಬಿಡಲಿಲ್ಲ. ಅಲ್ಲೇ ಮೂಟೆ ಇಳಿಸುತ್ತಿದ್ದ ಹಮಾಲಿಯೊಬ್ಬ ಓಡಿ ಬಂದು ಬರಿಗೈಯಲ್ಲಿ ಅದರ ದವಡೆ ಬಿಡಿಸಿದ. ಅವನ ಮುಂಗೈಗೂ ಹಲ್ಲು ಊರಿತು. ಆಮೇಲೆ ಜನ ಸೇರಿ ನಾಯಿಯನ್ನು ಬಡಿದು ಕೊಂದರು.

ಆ ಹಮಾಲಿಯನ್ನು ಮಕ್ಕಳು ಮಾಮ ಅನ್ನುತ್ತಿದ್ದರು. ಎತ್ತಿನಂಥ ಆಳು. ಸೊಂಟದ ಬಟ್ಟೆಯಲ್ಲಿ ಇವರಿಗೆಂದೇ ಕಡಲೆಕಾಯಿ ಕಟ್ಟಿಕೊಂಡಿರುತ್ತಿದ್ದ.

ನಾಯಿ ಕಚ್ಚಿದರೆ ಮೆಣಸಿನಪುಡಿ ಒತ್ತಬೇಕು ಅಂತ ನಮ್ಮ ಕಡೆ ಎಲ್ಲರೂ ಮಾಡುತ್ತಿದ್ದರು. ನನ್ನ ಹತ್ತಿರ ಮೆಣಸಿನಪುಡಿಗೆ ಬರವೇ? ಮಗುವಿನ ಕಾಲಿಗೆ ಒತ್ತಿದೆ. ಅವಳ ಕೂಗು ಬೀದಿಗೆಲ್ಲ ಕೇಳಿತು.

“ನಂಗೂ ಒಂದ್ ಚಿಟಿಕೆ ಹಾಕವ್ವ” ಅಂತ ಹಮಾಲಿಯೂ ಕೈ ಚಾಚಿದ.

ಎದುರುಮನೆಯ ಸಾಬರ ಹೆಂಗಸು, ಮಕ್ಕಳು ಖಾಲಾ ಎನ್ನುತ್ತಿದ್ದವಳು, ಓಡಿ ಬಂದು ನನ್ನ ಕೈ ಹಿಡಿದುಕೊಂಡಳು. “ಯಾ ಅಲ್ಲಾ! ಮಿರ್ಚಿ ಹಾಕಿದ್ರೆ ವಿಷ ಹೋಗ್ತದಾ ಅಮ್ಮಾ? ತೊಳೀರಿ ಮೊದ್ಲು. ಸೂಜಿ ಹಾಕಿಸ್ಬೇಕು. ಬಾರಪ್ಪ, ನೀನೂ ಬಾ.”

“ಹೊಟ್ಟೆಗಲ್ವ ಆ ಸೂಜಿ ಹಾಕೋದು? ಹೊಟ್ಟೆ ಬಾತ್ಕೊಂಡ್ರೆ ಮೂಟೆ ಎಂಗೆ ಎತ್ಲಿ ನಾನು?” ಅಂದ ಹಮಾಲಿ. “ನಮ್ಮೂರಲ್ಲಿ ಸೊಪ್ಪಿನ ಔಷಧಿ ಕೊಡೋರವ್ರೆ. ಕುಡ್ಕೊಂಡ್ ಬಂದ್ಬುಡ್ತೀನಿ.” ಆ ಸಂಜೆಯೇ ಊರಿನ ಬಸ್ಸು ಹತ್ತಿದ. ನಾಲ್ಕು ದಿನ ಬಿಟ್ಟು ಬಂದು ಮತ್ತೆ ಮೂಟೆ ಹೊರತೊಡಗಿದ.

ಖಾಲಾ ಚಿಕ್ಕವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಆಗೆಲ್ಲ ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಸೂಜಿ ಚುಚ್ಚುತ್ತಿದ್ದರು, ಎರಡು ವಾರ. ಮೊದಮೊದಲು ಖಾಲಾ ಜೊತೆಗೆ ಹೋದಳು. ಅಷ್ಟರಲ್ಲಿ ಅವಳ ಮಗಳಿಗೆ ಹೆರಿಗೆ ನೋವು ಬಂದು ಅವಳು ಊರಿಗೆ ಹೊರಡಬೇಕಾಯಿತು. “ದಾರಿ ಗೊತ್ತಲ್ಲಾ, ಇಬ್ಬರೂ ಕೈ ಹಿಡ್ಕೊಂಡು ಹೋಗಿ ಬನ್ನಿ ಬೇಟಾ” ಅಂತ ಹೇಳಿ ಹೋದಳು. ನನ್ನ ಮಗಳಿಗೆ ರಜೆ ಸಿಗಲಿಲ್ಲ, ನನಗೂ ಮಂಡಿ ತಪ್ಪುವಂತಿರಲಿಲ್ಲ. ಸಂಜೆ ಬಂದ ಕೂಡಲೇ ಕೇಳುತ್ತಿದ್ದೆ, “ಸೂಜಿ ಆಯ್ತೇನ್ರೇ?” ಅಂತ. “ಆಯ್ತು ಕಣಜ್ಜಿ” ಅನ್ನುವರು. ಕಾಲಿಗೆ ಕಟ್ಟಿದ ಬಟ್ಟೆ ಕಾಣುತ್ತಿತ್ತು. ಕೈ ಉರಿಯುತ್ತಿದ್ದುದರಿಂದ ಮುಟ್ಟಿ ನೋಡಲಿಲ್ಲ.

ಮಂಡಿಗೆ ರಜೆ ಬಂತು. ಹಂಡೆಯಲ್ಲಿ ನೀರು ಕಾಯಿಸಿ, ಹರಳೆಣ್ಣೆ ಬೆಚ್ಚಗೆ ಮಾಡಿ ಇಬ್ಬರಿಗೂ ಎಣ್ಣೆ ನೀರು ಹಾಕಲು ಕೂರಿಸಿಕೊಂಡೆ. ಚಿಕ್ಕವಳ ಹೊಟ್ಟೆಯ ಮೇಲೆ ಗಂಟುಗಳು ಇದ್ದವು, ಇರಬೇಕಾದದ್ದೇ. ದೊಡ್ಡವಳು ಮಾತ್ರ ಬಟ್ಟೆ ಬಿಚ್ಚಲೊಲ್ಲಳು.

“ನಂಗೆ ಶೀತ ಆಗದೆ. ನಂಗೆ ಬೇಡ.”

“ಬಿಸಿಲಲ್ಲಿ ಬಾಡಿ ಬದನೇಕಾಯಾಗಿದ್ದೀಯ, ಶೀತ ಅಂತೆ ಶೀತ! ತೆಗಿಯೇ!” ಅಂತ ಎಳೆದೆ. ಅವಳ ಹೊಕ್ಕುಳ ಸುತ್ತಲೂ ಅವೇ ಗಂಟುಗಳು. ಕೆಂಪಗೆ ಊದಿಕೊಂಡಿದ್ದವು.

“ಇದೇನೇ ಇದು?”

“ಸೊಳ್ಳೆ ಕಣಜ್ಜಿ.”

“ಸೊಳ್ಳೆ ಬಂದು ಹೊಕ್ಕುಳ ಸುತ್ತ ರಂಗೋಲಿ ಹಾಕ್ತೇನೇ?”

ಚಿಕ್ಕವಳು ಅಳತೊಡಗಿದಳು. “ತುಂಬ ನೋಯ್ತಿತ್ತಜ್ಜಿ. ಅವ್ಳೇ ಅಂದ್ಳು, ಒಂದಿನ ನಿಂಗೆ, ಒಂದಿನ ನಂಗೆ ಅಂತ. ನನ್ ಕಾಲಿನ ಬಟ್ಟೆ ಬಿಚ್ಚಿ ಅವ್ಳ ಕಾಲಿಗೆ ಕಟ್ಕೊಂಡು ಹೋಗ್ತಿದ್ಳು.”

ದೊಡ್ಡವಳು ಸೆಟೆದು ನಿಂತಿದ್ದಳು. “ಒಂದೇ ಹೊಟ್ಟೇಲಿದ್ದೋರಲ್ವ ನಾವು? ಯಾರಿಗೆ ಹಾಕಿದ್ರೆ ಏನಂತೆ? ಮದ್ದು ಇಬ್ರಿಗೂ ಹೋಗುತ್ತೆ” ಅಂದಳು. ತಮಾಷೆಗಲ್ಲ. ನಿಜವಾಗಿಯೂ ಹಾಗೇ ಅಂತ ನಂಬಿದ್ದಳು. ಇಷ್ಟು ದಿನ ತಿಂದದ್ದು, ಪೆಟ್ಟು, ಬಟ್ಟೆ ಎಲ್ಲ ಹಾಗೆಯೇ ಹಂಚಿಕೊಂಡು ಬಂದವಳು.

ಎಣ್ಣೆ ಮೈಯಲ್ಲೇ ಇಬ್ಬರನ್ನೂ ಎಳೆದುಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟರು ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದರು. ಗದರಿಸಲು ಬಾಯಿ ತೆರೆದವರು ಹಾಗೇ ಕುರ್ಚಿಯಲ್ಲಿ ಕೂತುಕೊಂಡರು.

“ಮದ್ದು ಮಧ್ಯ ಮಧ್ಯ ತಪ್ಪೋಗಿದೆ ಕಣಮ್ಮ. ಮತ್ತೆ ಮೊದಲಿಂದ ಶುರು ಮಾಡೋಣ.”

“ಆಗ ಸರಿಹೋಗ್ತದಾ ಸ್ವಾಮಿ?”

“ನಮ್ ಕೈಲಿರೋದು ಇಷ್ಟೇ” ಅಂದರು.

ಮಗಳು ಕೆಲಸ ಹೋದರೆ ಹೋಗಲಿ ಅಂತ ಮನೆಯಲ್ಲಿ ನಿಂತು ಚಿಕ್ಕವಳನ್ನು ದಿನವೂ ಕರೆದುಕೊಂಡು ಹೋದಳು. ದೊಡ್ಡವಳು ಹಿಂದೆ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತು, “ಇವತ್ತೊಂದಿನ ನಂಗೆ ಹಾಕಿ” ಅಂತ ಅಂಗಲಾಚುತ್ತಿದ್ದಳಂತೆ. ಈ ಸಲ ಯಾರೂ ಕೇಳಲಿಲ್ಲ.

ಮಳೆಗಾಲ ಹಿಡಿಯುವ ಮೊದಲು ಹಮಾಲಿ ಒಂದು ಮಧ್ಯಾಹ್ನ ನಮ್ಮ ವಠಾರದ ನಲ್ಲಿಯ ಹತ್ತಿರ ಬಂದು ಕೂತ. “ಕೈ ಜುಮುಜುಮು ಅಂತದೆ ಅವ್ವ. ಒಂದ್ ಚೊಂಬು ನೀರು ಕೊಡಿ” ಅಂದ. ನಾನೇ ಕೊಟ್ಟೆ. ಬಾಯಿಗೆ ಹತ್ತಿರ ತಂದ. ಅವನ ಕತ್ತು ಕಂಬದಂತೆ ಬಿಗಿದುಕೊಂಡಿತು, ಕಣ್ಣು ಹೊರಗೆ ಬಂತು, ಚೊಂಬು ಎಸೆದುಬಿಟ್ಟ. “ಗಂಟ್ಲು ಯಾಕೋ ಹಿಡ್ಕೊಂಡದೆ” ಅಂತ ನಗಲು ನೋಡಿದ. ಮತ್ತೊಂದು ಸಲ ನೀರು ಹಿಡಿದು ಹೋದರೆ ನೀರನ್ನು ಕಂಡೇ ಗೋಡೆಯ ಕಡೆ ಸರಿದ. ಅವಳಿಗಳಿಬ್ಬರೂ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದರು. ಅವನನ್ನು ಗಾಡಿಯಲ್ಲಿ ಹಾಕಿಕೊಂಡು ಹೋದರು. ತಿರುಗಿ ಬಂದದ್ದು ಅವನ ಸುದ್ದಿ. ಸೊಂಟದ ಬಟ್ಟೆಯಲ್ಲಿ ಕಡಲೆಕಾಯಿ ಹಾಗೇ ಇತ್ತಂತೆ.

ಆ ಹೊತ್ತಿನಿಂದ ನಮ್ಮ ಮನೆಯಲ್ಲಿ ನೆಮ್ಮದಿ ಎನ್ನುವುದು ಇರಲಿಲ್ಲ. ಅದೇ ನಾಯಿ, ಅದೇ ಹಲ್ಲು. ಅವನಿಗಾದದ್ದು ಇವಳಿಗೆ ಯಾವತ್ತು? ನಲ್ಲಿಯ ಹತ್ತಿರ ನೀರು ಹಿಡಿಯುವ ಕೊನೇಮನೆಯ ಹೆಂಗಸು ಹೇಳಿದಳು, “ಆ ವಿಷ ಹನ್ನೆರಡು ವರ್ಷ ಮೈಲೇ ಮಲಗಿರ್ತದೆ ಕಣಮ್ಮ. ಗುಡುಗು ಕೇಳ್ತಿದ್ದಂಗೇ ಏಳ್ತದೆ.” ಗುಡುಗಿದರೆ ಸಾಕು, ದೊಡ್ಡವಳು ಎಲ್ಲಿದ್ದರೂ ಓಡಿ ಬಂದು ಚಿಕ್ಕವಳ ಕಿವಿಗಳನ್ನು ಎರಡು ಅಂಗೈಯಿಂದ ಮುಚ್ಚಿ ನಿಲ್ಲುವಳು. ದೊಡ್ಡವಳ ಕಿವಿ ಮುಚ್ಚುವವರು ಯಾರೂ ಇರಲಿಲ್ಲ.

ನಾನು ದಿನ ಬೆಳಿಗ್ಗೆ ಎದ್ದ ಕೂಡಲೇ ಚಿಕ್ಕವಳಿಗೆ ಒಂದು ಲೋಟ ನೀರು ಕೊಡತೊಡಗಿದೆ. ಮುಖ ತೊಳೆಯುವ ಮುಂಚೆ, ಮಾತಾಡುವ ಮುಂಚೆ. ಅವಳು ಕುಡಿಯುವಾಗ ಗಂಟಲನ್ನೇ ನೋಡುತ್ತಿದ್ದೆ. ಇಳಿಯಿತು ಅಂದರೆ ಆ ದಿನ ನಮ್ಮದು. ಆಮೇಲೆ ನಾನು ಮಂಡಿಗೆ, ಮಗಳು ಮತ್ತೆ ಹಿಡಿದ ಕೆಲಸಕ್ಕೆ.

ಒಂದು ಬೆಳಿಗ್ಗೆ ಚಿಕ್ಕವಳು ಲೋಟ ಇಸಿದುಕೊಂಡವಳು ಒಂದು ಗುಟುಕು ಬಾಯಿಗೆ ಹಾಕಿಕೊಂಡು ಫೂ ಅಂತ ಉಗಿದಳು. ಕಣ್ಣು ಮೇಲೆ ಮಾಡಿದಳು, ನಾಲಿಗೆ ಹೊರಗೆ ಹಾಕಿ ಬೌ ಬೌ ಅಂತ ಬೊಗಳಿದಳು. ನಾನು ಒಲೆಯ ಹತ್ತಿರ ಹಾಗೇ ಕುಸಿದುಬಿದ್ದೆ. ಕಣ್ಣು ಬಿಟ್ಟಾಗ ದೊಡ್ಡವಳು ತಂಗಿಯ ಜುಟ್ಟು ಹಿಡಿದು ಕೆನ್ನೆಗೆ ಬಾರಿಸುತ್ತಿದ್ದಳು. ಹುಟ್ಟಿದಾಗಿನಿಂದ ಅವರಿಬ್ಬರು ಒಬ್ಬರ ಮೇಲೊಬ್ಬರು ಕೈ ಮಾಡಿದ್ದನ್ನು ನಾನು ಕಂಡಿರಲಿಲ್ಲ.

“ತಮಾಷೆಗೆ ಕಣೇ” ಅಂತ ಚಿಕ್ಕವಳು ಬಿಕ್ಕಿದಳು. ನನ್ನ ಕಡೆ ತಿರುಗಿ, “ದಿನಾ ನನ್ ಗಂಟ್ಲನ್ನೇ ನೋಡ್ತೀಯಲ್ಲಜ್ಜಿ. ನಂಗೆ ಭಯ ಆಗುತ್ತೆ. ಒಂದಿನ ನಾನೇ ಮಾಡ್ಬುಟ್ರೆ ಭಯ ಹೋಗುತ್ತೇನೋ ಅಂತ ಮಾಡ್ದೆ” ಅಂದಳು.

ಎಂಟೊಂಬತ್ತು ವರ್ಷದ ಮಗುವಿನ ಬಾಯಲ್ಲಿ ಬಂದ ಮಾತು ಅದು. ದೊಡ್ಡವಳೇ ಹೋಗಿ ಇನ್ನೂ ಮೂರು ಲೋಟ ತಂದಿಟ್ಟಳು. “ನಾಳೆಯಿಂದ ಎಲ್ರೂ ಕುಡಿಯೋಣ. ಎಲ್ರ ಗಂಟ್ಲೂ ನೋಡು ನೀನು” ಅಂದಳು. ಹಾಗೆ ಶುರುವಾಯಿತು ನಮ್ಮ ಮನೆಯಲ್ಲಿ ಬೆಳಗಿನ ನೀರು. ನಾಲ್ಕು ಜನ ಸಾಲಾಗಿ ಕೂತು ಪೂಜೆಯ ತೀರ್ಥದ ಹಾಗೆ ಕುಡಿಯುತ್ತಿದ್ದೆವು. ಬಂದ ನೆಂಟರಿಗೂ ಬಿಡುತ್ತಿರಲಿಲ್ಲ.

ಹೀಗೇ ವರ್ಷಗಳು ಹೋದವು. ಚಿಕ್ಕವಳು ಬರಬರುತ್ತಾ ಗೆಲುವಾದಳು, ದೊಡ್ಡವಳು ಬಾಡಿದಳು. ಊಟಕ್ಕೆ ಕೂತರೆ ತನ್ನ ತಟ್ಟೆಯದನ್ನು ತಂಗಿಯ ತಟ್ಟೆಗೆ ಸರಿಸುವಳು. ಸಮಪಾಲು ಎನ್ನುವ ಮಾತನ್ನೇ ಬಿಟ್ಟಳು. ಸ್ಕೂಲು ಬಿಟ್ಟು ತಾಯಿಯ ಜೊತೆ ಮೇಟಗಳ್ಳಿಯ ಬಸ್ಸು ಹತ್ತಿದಳು. ನಾನು ಎಷ್ಟು ಸಲ ಹೇಳಿದೆ, “ನಿನ್ ತಪ್ಪಲ್ಲ ಕಣೇ, ಎಳೇ ಮಗು ನೀನು” ಅಂತ. “ಊಂ” ಅನ್ನುವಳು. ಅಷ್ಟೇ.

ಚಿಕ್ಕವಳನ್ನು ನೋಡಲು ಗಂಡು ಬಂದ. ದೇವರಾಜ ಮೊಹಲ್ಲಾದಲ್ಲಿ ಟೈಲರ್ ಅಂಗಡಿ ಇಟ್ಟಿದ್ದವನು. ನಾಯಿಯ ವಿಷಯ ಹೇಳಬೇಡಿ ಅಂತ ಖಾಲಾ ಕಣ್ಣು ಸನ್ನೆ ಮಾಡುತ್ತಲೇ ಇದ್ದಳು. ಚಿಕ್ಕವಳು ಉಪ್ಪಿಟ್ಟಿನ ತಟ್ಟೆ ಇಟ್ಟವಳೇ ಅಂದುಬಿಟ್ಟಳು, “ನಂಗೆ ಹುಚ್ಚುನಾಯಿ ಕಚ್ಚಿತ್ತು. ಸೂಜಿ ನಡುನಡುವೆ ತಪ್ಪೋಗಿ ಮತ್ತೆ ಮೊದಲಿಂದ ಹಾಕ್ಸಿದ್ರು. ದಿನಾ ಬೆಳಿಗ್ಗೆ ನೀರು ಕುಡ್ದು ತೋರಿಸ್ತೀನಿ. ನಿಮ್ಮನೇಲೂ ತೋರಿಸ್ಬೇಕಾಗುತ್ತೆ.”

ಹುಡುಗನ ಕಡೆಯವರು ಎದ್ದು ನಿಂತರು. ಅವನೊಬ್ಬ ಕೂತೇ ಇದ್ದ. ಮುಂದಿದ್ದ ನೀರಿನ ಲೋಟ ಎತ್ತಿ ಕುಡಿದು ಖಾಲಿ ಮಾಡಿ, “ನಾನೂ ಕುಡ್ದು ತೋರಿಸ್ತೀನಿ ಬುಡಿ. ಜೊತೆಗಿರ್ಲಿ” ಅಂದ. ಅವನ ಅಪ್ಪ ಅಮ್ಮ ಒಪ್ಪಲು ಬಹಳ ದಿನ ಹಿಡಿಯಿತು, ಆದರೂ ಒಪ್ಪಿದರು.

ಮದುವೆಯಾಯಿತು, ಮುಟ್ಟು ನಿಂತಿತು, ಬಸುರಾದಳು. ನಲ್ಲಿಯ ಹತ್ತಿರದ ಆ ಹೆಂಗಸಿಗೆ ವಯಸ್ಸಾಗಿದ್ದರೂ ನಾಲಿಗೆಗೆ ವಯಸ್ಸಾಗಿರಲಿಲ್ಲ. “ನಾಯಿ ಕಚ್ಚಿದ ಹೊಟ್ಟೆ. ಮರಿ ಹುಟ್ಟೀತು, ನೋಡ್ಕೊಳಿ” ಅಂದಳು. ನಾನು ಮನೆಗೆ ಬಂದು ಅತ್ತೆ. ಮಾರನೆಯ ದಿನ ಆಕೆ ಬಿಂದಿಗೆ ತುಂಬಿಸಿಕೊಂಡು ಸೊಂಟಕ್ಕೆ ಏರಿಸುವ ಹೊತ್ತಿಗೆ ಗೋಡೆಯ ಹಿಂದಿನಿಂದ ಯಾರೋ ಭೌ ಅಂತ ಬೊಗಳಿದರು. ಬಿಂದಿಗೆ ಬಿದ್ದು ಆಕೆಯ ಸೀರೆಯೆಲ್ಲ ನೀರು. ಹೋಗಿ ನೋಡಿದರೆ ನಮ್ಮ ದೊಡ್ಡವಳು ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದಳು. ಎಷ್ಟೋ ವರ್ಷದ ಮೇಲೆ ಅವಳ ಆ ಮುಖ ಕಂಡೆ. ಬೈಯಲಿಲ್ಲ.

ಆದರೂ ಒಳಗಿನ ಹೆದರಿಕೆ ಹೋಗಲಿಲ್ಲ. ರಕ್ತದಲ್ಲಿ ಮಲಗಿದ್ದದ್ದು ಕೂಸಿಗೆ ಇಳಿದರೆ? ಹೆರಿಗೆ ನೋವಿಗೆ ಎದ್ದರೆ? ಕೂಸು ಬರುತ್ತದೆ ಅಂತ ಗೊತ್ತಾದ ದಿನದಿಂದ ನಾನು ಮೆಣಸಿನಕಾಯಿ ಬಿಟ್ಟು ಕೊತ್ತಂಬರಿ ಬೀಜ ಹಸನು ಮಾಡುವ ಕಡೆಗೆ ಹೋದೆ. ಹುಟ್ಟಿದರೆ, ಇದನ್ನಾದರೂ ತಣ್ಣನೆಯ ಕೈಯಲ್ಲಿ ಎತ್ತಿಕೊಳ್ಳಬೇಕು ಅಂತ.

ಮೊನ್ನೆ ಸಂಜೆ ನೋವು ಶುರುವಾಯಿತು, ಆಸ್ಪತ್ರೆಗೆ ಸೇರಿಸಿದೆವು. ನಿನ್ನೆ ಬೆಳಗಾಗುವ ಹೊತ್ತಿಗೆ ಜೋರಾಯಿತು. ನರ್ಸಮ್ಮ ಒಂದು ಗುಟುಕು ನೀರು ಕುಡಿಸಿ ಅಂದರು. ದೊಡ್ಡವಳು ಲೋಟ ಹಿಡಿದು ಬಾಯಿಯ ಹತ್ತಿರ ಒಯ್ದಳು. ಚಿಕ್ಕವಳು ಹಲ್ಲು ಕಚ್ಚಿ ಮುಖ ತಿರುಗಿಸಿ, “ಬೇಡ! ತೆಗಿ ಅದ್ನ!” ಅಂತ ಕಿರುಚಿ ಲೋಟವನ್ನು ಕೈಯಿಂದ ತಳ್ಳಿಬಿಟ್ಟಳು. ನೀರು ನೆಲಕ್ಕೆ ಚೆಲ್ಲಿತು. ನನಗೆ ಆ ಹಮಾಲಿಯ ಕತ್ತೇ ಕಂಡಿತು. ಅಷ್ಟರಲ್ಲಿ ಚಿಕ್ಕವಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ನಾನೂ ದೊಡ್ಡವಳೂ ಆ ಬಾಗಿಲ ಮುಂದೆ ನೆಲದ ಮೇಲೆಯೇ ಕೂತೆವು. “ಅಜ್ಜಿ, ನಾನೇ ಅವ್ಳನ್ನ ಕೊಂದ್ಬುಟ್ನಾ?” ಅಂತ ಒಂದೇ ಮಾತು ಕೇಳಿದಳು. ಅವಳ ಎರಡು ಕಿವಿಗಳನ್ನು ನನ್ನ ಅಂಗೈಯಿಂದ ಮುಚ್ಚಿ ಹಿಡಿದುಕೊಂಡೆ.

ಕೂಸು ಅತ್ತದ್ದು ನನಗೆ ಮೊದಲು ಕೇಳಿಸಿತು.

ಒಳಗೆ ಬಿಟ್ಟಾಗ ಚಿಕ್ಕವಳು ಬೆವರಿನಲ್ಲಿ ತೊಯ್ದು ಮಲಗಿದ್ದಳು. ತುಟಿ ಒಣಗಿತ್ತು. ನಮ್ಮನ್ನು ನೋಡಿ ಮೊದಲು ಅಂದದ್ದು, “ಅಜ್ಜಿ, ನೀರು.” ದೊಡ್ಡವಳು ಕೊಟ್ಟಳು. ಚಿಕ್ಕವಳು ಗಟಗಟ ಕುಡಿದಳು, ಇನ್ನೊಂದು ಲೋಟ ಕೇಳಿದಳು. ಆಮೇಲೆ ಕೂಸನ್ನು ಎದೆಗೆ ಹಿಡಿದಳು. ಅದೂ ನುಂಗಿತು.

ಡಾಕ್ಟರಮ್ಮ ಬಂದಾಗ ನಾನು ಎಲ್ಲ ಹೇಳಿ ಕೈ ಮುಗಿದು ಕೇಳಿದೆ. “ಬರೋದಾಗಿದ್ರೆ ಆಗ್ಲೇ ಬಂದಿರೋದು ಅಜ್ಜಿ. ತಾಯಿಗೂ ಏನಿಲ್ಲ, ಮಗೂಗೂ ಏನಿಲ್ಲ. ಇನ್ನು ಆ ಭಯ ಬಿಡಿ” ಅಂದರು. ದೊಡ್ಡವಳು ಹೋಗಿ ಕಂಬಕ್ಕೆ ಹಣೆ ಒತ್ತಿಕೊಂಡು ಅತ್ತಳು. ಅಷ್ಟು ವರ್ಷದ್ದೆಲ್ಲ ಒಟ್ಟಿಗೇ.

ಸಂಜೆ ನೋಡಲು ಬಿಡುವ ಹೊತ್ತಿಗೆ ಎಲ್ಲರೂ ಸೇರಿದೆವು. ಮಗಳು ಬಾಣಂತಿಗೆ ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ಮೆತ್ತಗಿನ ಅನ್ನ ತಂದಿದ್ದಳು. ನಮಗೆ ಕ್ಯಾರಿಯರಿನಲ್ಲಿ ಅನ್ನ, ಸೊಪ್ಪಿನ ಸಾರು. ಚಿಕ್ಕವಳ ಗಂಡ ಜಿಲೇಬಿ ತಂದ, ಖಾಲಾ ಡಬ್ಬಿಯ ತುಂಬ ಶಾವಿಗೆ ಪಾಯಸ. ಮಂಚದ ಸುತ್ತ ನೆಲದ ಮೇಲೆ ಪೇಪರು ಹಾಸಿ, ಎಲೆ ಹಾಕಿಕೊಂಡು ಕೂತೆವು. ನಾನು ಕೂಸನ್ನು ತಣ್ಣನೆಯ ಕೈಯಲ್ಲಿ ಮಡಿಲಿಗೆ ಹಾಕಿಕೊಂಡಿದ್ದೆ.

ಚಿಕ್ಕವಳು ಜೀರಿಗೆ ಕಾಯಿಸಿದ ನೀರಿನ ಲೋಟ ಎತ್ತಿದಳು. ದೊಡ್ಡವಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು, ಕಣ್ಣು ತಂಗಿಯ ಗಂಟಲ ಮೇಲೆ. ಚಿಕ್ಕವಳು ಅದನ್ನು ನೋಡಿ ನಾಲಿಗೆಯನ್ನು ಒಂದಿಷ್ಟೇ ಹೊರಗೆ ಹಾಕಿದಳು.

“ಬೊಗುಳು ನೋಡನ, ಬಾಣಂತಿ ಅಂತಾನೂ ನೋಡಲ್ಲ, ಬಾರಿಸ್ಬುಡ್ತೀನಿ!” ಅಂದಳು ದೊಡ್ಡವಳು.

“ಮಿಕ್ಕಿದ್ದು ನಿಂಗೇ” ಅಂದಳು ಚಿಕ್ಕವಳು.

ಅವಳ ಗಂಡ ಏನಂತ ತಿಳಿಯದೆ ನಮ್ಮೆಲ್ಲರ ಮುಖ ನೋಡಿದ. ಮಗಳು ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ದೊಡ್ಡವಳು ಒಂದು ಜಿಲೇಬಿ ತೆಗೆದು, ಅಂಚು ನೋಡಿ, ಸರಿಯಾಗಿ ಎರಡು ಭಾಗ ಮಾಡಿ, ಒಂದನ್ನು ತಂಗಿಗೆ ಕೊಟ್ಟು ಒಂದನ್ನು ತಾನು ಬಾಯಿಗೆ ಹಾಕಿಕೊಂಡಳು. ನಾನು ನನ್ನ ಎಲೆಯಿಂದ ಒಂದು ತುತ್ತು ಅನ್ನವನ್ನು ಅಂಚಿಗೆ ತೆಗೆದಿಟ್ಟೆ, ಆ ಹಮಾಲಿಗೆ ಅಂತ. ಆಮೇಲೆ ಎಲ್ಲರೂ ಉಂಡೆವು.